ಒಂದೆಡೆ ಕೂರದ ಮಗು, ಮಿದುಳಿನ ರಕ್ತದ ಹರಿವು

ಮಿದುಳಿನ ಯಾವ ಭಾಗಕ್ಕೆ ಕೆಲಸ ಹೆಚ್ಚುತ್ತದೋ ಆ ಭಾಗಕ್ಕೆ ರಕ್ತವೂ ಹೆಚ್ಚು ಹರಿಯುತ್ತದೆ. ಈ ಸಂಗತಿಯನ್ನೇ ಎಳೆಯಾಗಿ ಹಿಡಿದು ಡೆನ್ಮಾರ್ಕಿನ ಹಾನ್ಸ್ ಲೂ ಮತ್ತು ಸಂಗಡಿಗರು, ಇಂದು ನಾವು ಎಡಿಎಚ್‌ಡಿ ಎನ್ನುವ ಗಮನ ಕೊರತೆಯ ತೊಂದರೆಯಿದ್ದ ಕೆಲವು ಮಕ್ಕಳನ್ನು ಪರೀಕ್ಷಿಸಿದರು. ಮಕ್ಕಳು ಉಸಿರಿನೊಂದಿಗೆ ತುಸು ವಿಕಿರಣಶೀಲ ಜೆನಾನ್ ಅನಿಲ ಎಳೆದುಕೊಂಡರು. ರಕ್ತದ ಜೊತೆ ಅದು ಮಿದುಳಿನಲ್ಲಿ ಎಲ್ಲಿ, ಎಷ್ಟು ಹರಡಿತೆಂದು ಯಂತ್ರ ಅಳೆಯಿತು. 1984ರಲ್ಲಿ ಫಲಿತಾಂಶ ಪ್ರಕಟವಾಯಿತು: ಹಣೆಯ ಹಿಂದಿನ ಮಿದುಳಿನ ಕೆಲ ಭಾಗಗಳಲ್ಲಿ ಹರಿವು ಕಡಿಮೆ. ಮೀಥೈಲ್‌ಫೆನಿಡೇಟ್ ಔಷಧಿ ಕೊಟ್ಟಾಗ, ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾದಲ್ಲಿ ಹರಿವು ಏರಿತು.

ಮನಸ್ಸನ್ನು ಒಂದು ಕೆಲಸಕ್ಕೆ ಕಟ್ಟಿಹಾಕುವುದು, ಆತುರಕ್ಕೆ ಕಡಿವಾಣ ಹಾಕುವುದು ಇದೇ ಭಾಗಗಳ ಹೊಣೆ. ಆದ್ದರಿಂದ 'ಹಟಮಾರಿ', 'ಸೋಮಾರಿ' ಎಂಬ ಬೈಗುಳ ಈ ಮಕ್ಕಳಿಗೆ ಮಾಡುವ ಅನ್ಯಾಯವೇ ಸರಿ.

ಹಾಗೆಂದು ಸ್ಕ್ಯಾನಿಂಗ್ ಕೇಂದ್ರಕ್ಕೆ ಓಡಬೇಕಿಲ್ಲ. ಇಂಥ ವ್ಯತ್ಯಾಸ ಕಾಣುವುದು ಗುಂಪಿನ ಸರಾಸರಿಯಲ್ಲಿ. ಒಂದೇ ಮಗುವಿನ ಚಿತ್ರ ನೋಡಿ ಎಡಿಎಚ್‌ಡಿ ಇದೆ, ಇಲ್ಲ ಎನ್ನಲಾಗದು. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಂಡಿವೆಯೇ, ಮನೆ ಮತ್ತು ಶಾಲೆ ಎರಡರಲ್ಲೂ ಇವೆಯೇ, ಕನಿಷ್ಠ 6 ತಿಂಗಳು ಮುಂದುವರಿದಿವೆಯೇ ಎಂದು ತಜ್ಞರು ತಂದೆತಾಯಿ, ಶಿಕ್ಷಕರನ್ನು ವಿಚಾರಿಸಿಯೇ ನಿರ್ಧರಿಸುತ್ತಾರೆ.