ಮೋಡ ಕಟ್ಟಿದ ದಿನ ಹಸು ಬೇಗ ಮನೆಗೆ ಬರಲಿ

ಹೈನುಗಾರ ಸಹೋದರಿಯರೇ,

ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಗಾಳಿ-ಸಿಡಿಲು ಹೆಚ್ಚಾಗಿ ಬರುವುದು ಮಧ್ಯಾಹ್ನ ಇಳಿದ ಮೇಲೆ. ನೀವು ಹಸು ಹೊಡೆದುಕೊಂಡು ಬರುವ, ಹಾಲು ಕರೆದು ಡೈರಿಗೆ ಹೊರಡುವ ಹೊತ್ತೂ ಅದೇ.

ಜಗಳೂರಿನ ಬಯಲಲ್ಲಿ ಒಂಟಿ ಬೇವಿನ ಮರ; ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ತೋಟದಂಚಿನ ತೆಂಗು. ನೆರಳಿಗೆಂದು ಹಸು ಕಟ್ಟುವ ಈ ಜಾಗಗಳಲ್ಲೇ ಅಪಾಯ. ಸಿಡಿಲು ಮರಕ್ಕೆ ಬಡಿದರೆ ವಿದ್ಯುತ್ ಬುಡದಿಂದ ನೆಲದಲ್ಲಿ ಹರಡುತ್ತದೆ. ಹಸುವಿನ ಮುಂಗಾಲು-ಹಿಂಗಾಲುಗಳ ನಡುವೆ ಅಂತರ ಹೆಚ್ಚು. ಒಂದರಿಂದ ಹತ್ತಿದ ವಿದ್ಯುತ್ ಎದೆ ಹಾದು ಇನ್ನೊಂದರಲ್ಲಿ ಇಳಿಯುತ್ತದೆ. ಒಂದೇ ಮರದಡಿ ನಾಲ್ಕೈದು ದನ ಒಟ್ಟಿಗೆ ಸಾಯುವುದು ಹೀಗೇ.

ಆದ್ದರಿಂದ ಮೋಡ ಕಂಡಾಗಲೇ ಹೊಡೆದುಕೊಂಡು ಬನ್ನಿ. ಮಿಂಚಿದ ಮೇಲೆ 30 ಎಣಿಸುವುದರೊಳಗೆ ಗುಡುಗು ಕೇಳಿತೆಂದರೆ ಸಿಡಿಲು ಹತ್ತಿರದಲ್ಲಿದೆ. ಆಗ ಹೊರಗಿನ ಹಸು ಬಿಚ್ಚಲು ಓಡಬೇಡಿ. ಅದು ಕೂಗುವಾಗ ಮನಸ್ಸು ತಡೆಯುವುದಿಲ್ಲ, ನಿಜ. ಆದರೂ ಮನೆಯೊಳಗೇ ಇರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಡೈರಿಗೆ ತಡವಾಯಿತೆಂದು ಕ್ಯಾನು ಹಿಡಿದು ಹೊರಡುವುದೂ ಬೇಡ. ಹಾಲು ಕರೆಯುವ ಯಂತ್ರವಿದ್ದರೆ ಮೊದಲೇ ಪ್ಲಗ್ ಕಿತ್ತಿಡಿ.

ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ಹೆದರದೆ ಮುಟ್ಟಿ. ಉಸಿರು ನಿಂತಿದ್ದರೆ ಎದೆಯ ನಡುವೆ ಬಲವಾಗಿ, ಬೇಗಬೇಗ ಒತ್ತುತ್ತಿರಿ. ಪಕ್ಕದವರಿಂದ 108ಕ್ಕೆ ಕರೆ ಮಾಡಿಸಿ.

ಹಸು ಸತ್ತರೆ ಹೂಳುವ ಮುನ್ನ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ, ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ. 2022–26ರ ವಿಪತ್ತು ಪರಿಹಾರ ನಿಯಮದಲ್ಲಿ ಹಾಲು ಕೊಡುವ ಹಸು, ಎಮ್ಮೆಗೆ ತಲಾ 37,500 ರೂಪಾಯಿ ಇತ್ತು, ಒಂದು ಕುಟುಂಬಕ್ಕೆ ಮೂರು ರಾಸುಗಳವರೆಗೆ. ವಿಮೆ ಮಾಡಿಸಿದ್ದರೆ ಕಿವಿಯೋಲೆಯನ್ನು ಜೋಪಾನವಾಗಿಡಿ.