ಮೀನಿನೊಳಗೆ ಹುಳ: ತಪ್ಪು ಮಾರುವವನದ್ದಲ್ಲ

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಅದರ ಮೇಲೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಮಂಗಳೂರಿನ ಗಾಡಿಯೂ ಇಲ್ಲ. ಆಗ ನಮ್ಮ ಕೆ. ಹೊಸಕೋಟೆ ಕಡೆಯವರಿಗೆ ಬಂಗುಡೆ, ಬೂತಾಯಿ ಬರೀ ಕನಸು. ಹೇಮಾವತಿ ಹಿನ್ನೀರಿನ, ಊರ ಕೆರೆಗಳ ಕಾಟ್ಲಾ, ಗೆಂಡೆ, ಜಿಲೇಬಿಯೇ ಗತಿ.

ಕಳೆದ ಮಳೆಗಾಲ ಹಾಗೆ ತಂದ ಜಿಲೇಬಿ ಮೀನು ಕೊಯ್ಯುವಾಗ ಕಿವಿರಿನ ಪಕ್ಕ ಹಳದಿ ಕಾಳಿನಂಥದ್ದು ಸಿಕ್ಕಿತು. ಒಡೆದು ನೋಡಿದರೆ ಒಳಗೆ ಅಲುಗಾಡುವ ಹುಳ! ನಾವು ಹಿಂದೆಮುಂದೆ ನೋಡದೆ ಅಷ್ಟೂ ಮೀನನ್ನು ಗುಂಡಿಗೆ ಹಾಕಿಸಿದೆವು. ಮಾತು ಬೀದಿಗೂ ಹೋಯಿತು. ಬೈಕಿನಲ್ಲಿ ಮೀನು ಮಾರುವ ಬಡಪಾಯಿ ಹುಡುಗ, ಕೊಳೆತದ್ದು ಮಾರುತ್ತಾನೆ ಅಂತ ಎರಡು ವಾರ ಅವನ ಹತ್ತಿರ ಯಾರೂ ಕೊಳ್ಳಲಿಲ್ಲ. ಆಮೇಲೆ ವಿಚಾರಿಸಿ, ಓದಿ ತಿಳಿದಾಗ ನಮಗೇ ನಾಚಿಕೆಯಾಯಿತು.

ಅಂಥ ಹಳದಿ ಕಾಳು ಸಾಮಾನ್ಯವಾಗಿ ಕ್ಲೈನೋಸ್ಟೊಮಮ್ ಎಂಬ ಚಪ್ಪಟೆ ಹುಳದ ಮರಿ. ಬೆಳೆದ ಹುಳ ಇರುವುದು ಬೆಳ್ಳಕ್ಕಿ, ಕೊಕ್ಕರೆಯಂಥ ಹಕ್ಕಿಗಳ ಬಾಯಿ, ಗಂಟಲಲ್ಲಿ. ಹಕ್ಕಿ ನೀರಿಗೆ ಕೊಕ್ಕು ಹಾಕಿದಾಗ ಮೊಟ್ಟೆಗಳು ನೀರು ಸೇರುತ್ತವೆ. ಮರಿ ಮೊದಲು ಬಸವನಹುಳದೊಳಗೆ ಹೊಕ್ಕು, ಅಲ್ಲಿ ಒಂದು ಹಲವಾಗಿ ಹೊರಬಂದು, ಮೀನಿನ ಚರ್ಮ ಕೊರೆದು ಒಳಗೆ ಕೂರುತ್ತದೆ. ಆ ಮೀನನ್ನು ಕೊಕ್ಕರೆ ನುಂಗಿದರೆ ಮತ್ತೆ ಶುರು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು. ನಿಂತ ನೀರು, ಜೊಂಡು, ಬಸವನಹುಳ, ಬೆಳ್ಳಕ್ಕಿ ಎಲ್ಲ ಒಟ್ಟಿಗೆ ಇರುವ ಇಂಥ ಜಾಗ ಈ ಹುಳಕ್ಕೆ ಅನುಕೂಲ. ಅಂದರೆ ಮೀನು ಬದುಕಿದ್ದಾಗಲೇ ಸೇರಿದ ಹುಳ ಇದು. ಕರುಳಿನಲ್ಲಿ ಸಿಗುವ ಬಿಳಿ ಲಾಡಿಹುಳವೂ ಹಾಗೆಯೇ. ನೊಣ ಕೂತು ಮೇಲೆ ಹರಿದಾಡುವ ಹುಳ ಬೇರೆ, ನಾರುವ ಆ ಮೀನನ್ನು ಬಿಸಾಡಲೇಬೇಕು.

ಮದ್ರಸದಲ್ಲಿ ಮಕ್ಕಳು ಕೇಳಿದರು, "ಉಸ್ತಾದ್, ಆ ಮೀನು ಹರಾಮ್ ಆಯಿತಾ?" ಇಲ್ಲ ಮಕ್ಕಳೇ, ಹುಳ ತೆಗೆದು ಹಾಕಿ, ಮೀನು ಮೀನೇ.

ಆದರೆ ಸರಿಯಾಗಿ ಬೇಯಬೇಕು. ಜಪಾನ್, ಕೊರಿಯಾದಲ್ಲಿ ಹಸಿ ಮೀನು ತಿಂದವರ ಗಂಟಲಿಗೆ ಇದೇ ಹುಳ ಅಂಟಿದ್ದುಂಟು. ಥಾಯ್ಲೆಂಡ್, ಲಾವೋಸ್‌ನಲ್ಲಿ ಹಸಿ ಕೆರೆಮೀನಿನಿಂದ ಬರುವ ಇನ್ನೊಂದು ಹುಳ ಪಿತ್ತನಾಳ ಸೇರಿ, ವರ್ಷಗಟ್ಟಲೆ ಉಳಿದರೆ ಕ್ಯಾನ್ಸರ್‌ಗೂ ದಾರಿಯಾಗುತ್ತದೆ. ನಾವು ಹಸಿ ತಿನ್ನುವವರಲ್ಲ ಅನ್ನಬೇಡಿ. ಕಾಟ್ಲಾದ ದಪ್ಪ ತುಂಡಿಗೆ ಮಸಾಲೆ ಮೆತ್ತಿ ಕಾವಲಿಗೆ ಹಾಕುತ್ತೇವೆ, ಮೇಲೆ ಕೆಂಪಗಾದ ಕೂಡಲೇ ತಟ್ಟೆಗೆ. ಮುಳ್ಳಿನ ಬುಡ ಇನ್ನೂ ಹಸಿ! ಒಳಗೆ 63 ಡಿಗ್ರಿ ಬಿಸಿ ಮುಟ್ಟಬೇಕು. ಮನೆ ಲೆಕ್ಕದಲ್ಲಿ ಹೇಳುವುದಾದರೆ ಮಾಂಸ ಬೆಳ್ಳಗಾಗಿ ಮುಳ್ಳಿನಿಂದ ತಾನಾಗಿ ಬಿಡಬೇಕು. ನಿಂಬೆಹುಳಿ, ಖಾರ ಹಚ್ಚಿಟ್ಟರೆ ಹುಳ ಸಾಯುವುದಿಲ್ಲ. ಐಸ್ ಪೆಟ್ಟಿಗೆಯಲ್ಲೂ ಸಾಯುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು, ನಮ್ಮ ಮಳೆಗಾಲದ ಕರೆಂಟನ್ನು ನಂಬಿ ಅದು ಆಗುವ ಮಾತಲ್ಲ.

ಹಳ್ಳದ ಏಡಿಯನ್ನು ಕೆಂಡದಲ್ಲಿ ಅರೆಬರೆ ಸುಟ್ಟು ತಿನ್ನುವ ಹುಡುಗರಿಗೂ ಒಂದು ಮಾತು. ಮಣಿಪುರದ ಕಡೆ ಏಡಿಯಿಂದ ಶ್ವಾಸಕೋಶದ ಹುಳ ಬರುತ್ತದೆ. ಕೆಮ್ಮಿದರೆ ರಕ್ತ, ಟಿಬಿ ಅಂತಲೇ ಮೋಸಹೋಗುತ್ತಾರೆ.

ಆ ಹುಡುಗನ ಹತ್ತಿರ ನಾವು ಮತ್ತೆ ಮೀನು ತರುತ್ತಿದ್ದೇವೆ. ಕಿವಿರು ಎತ್ತಿ ನೋಡಿ, ಕಾಳು ಕಂಡರೆ ಆ ಭಾಗ ಕೊಯ್ದು ತೆಗೆದು, ಉಳಿದದ್ದು ಗಸಿಗೆ. ಹಸಿ ಕರುಳನ್ನು ಬೆಕ್ಕಿಗೆ ಹಾಕುವುದೂ ನಿಲ್ಲಿಸಿದ್ದೇವೆ, ಮಣ್ಣಲ್ಲಿ ಹೂಳುತ್ತೇವೆ. ಬೆಕ್ಕಿಗೆ ಮಾತ್ರ ನಮ್ಮ ಮೇಲೆ ಸಿಟ್ಟು.