ಮೀನಿಗಾಗಿ ಕಡಲು ದಾಟುವವರು

ಮೀನು ಹಿಡಿಯಲೆಂದೇ ವಿಮಾನ ಹತ್ತಿ ಪರದೇಶಕ್ಕೆ ಹೋಗುವವರಿದ್ದಾರೆ ಎಂದರೆ ನೀವು ನಕ್ಕುಬಿಡಬಹುದು. ಅವರಲ್ಲಿ ಅನೇಕರು ಹಿಡಿದ ಮೀನನ್ನು ತಿನ್ನುವುದೂ ಇಲ್ಲ. ಕಣ್ತುಂಬ ನೋಡಿ ಮತ್ತೆ ನೀರಿಗೆ ಬಿಟ್ಟುಬಿಡುತ್ತಾರೆ. ಅಷ್ಟಕ್ಕೇ ವರ್ಷಗಟ್ಟಲೆ ಕನಸು, ತಿಂಗಳುಗಟ್ಟಲೆ ತಯಾರಿ! ಅಮೆರಿಕ, ಇಂಗ್ಲೆಂಡ್‌ಗಳ ಇಂಥ ಎಷ್ಟೋ ಹವ್ಯಾಸಿಗಳ ಕನಸಿನ ನಾಡು ನ್ಯೂಜಿಲೆಂಡ್.

ನಮ್ಮ ಹಳ್ಳಿಯ ಹುಡುಗರು ಗಾಳಕ್ಕೆ ಎರೆಹುಳು ಸಿಕ್ಕಿಸಿ ಕೆರೆ ದಂಡೆಯಲ್ಲಿ ಕೂರುತ್ತಾರಲ್ಲ, ಇದು ಹಾಗಲ್ಲ. ಇದರ ಹೆಸರು 'ಫ್ಲೈ ಫಿಶಿಂಗ್'. ಪುಟ್ಟ ಕೊಕ್ಕೆಗೆ ಹಕ್ಕಿಯ ಗರಿ, ದಾರ ಸುತ್ತಿ ಹುಸಿ ಕೀಟ ಮಾಡುತ್ತಾರೆ. ಅದಕ್ಕೆ ತೂಕವೇ ಇಲ್ಲ, ಎಸೆದರೆ ದೂರ ಹೋಗದು. ಆದ್ದರಿಂದ ಗಾಳದ ದಾರವನ್ನೇ ದಪ್ಪವಾಗಿ, ತೂಕವಾಗಿ ಮಾಡಿರುತ್ತಾರೆ. ಕೋಲನ್ನು ಹಿಂದೆ ಮುಂದೆ ಬೀಸಿದರೆ ಚಾಟಿಯಂತೆ ಬಿಚ್ಚಿಕೊಳ್ಳುವ ದಾರ, ಕೀಟವನ್ನು ಎಳೆದೊಯ್ದು ನೀರಿನ ಮೇಲೆ ಮೆಲ್ಲಗೆ ಇಳಿಸುತ್ತದೆ. ಟ್ರೌಟ್ ಮೀನು ಸುಲಭಕ್ಕೆ ಮೋಸಹೋಗುವುದಿಲ್ಲ. ಆ ಹೊತ್ತಿನಲ್ಲಿ ಆ ಹೊಳೆಯಲ್ಲಿ ಯಾವ ಕೀಟವಿದೆಯೋ ಅದರಂತೆಯೇ ಇದು ಕಾಣಬೇಕು. ಮೇಫ್ಲೈ ಎಂಬ ಕೀಟವಂತೂ ತಿಂಗಳುಗಟ್ಟಲೆ ನೀರಿನೊಳಗೆ ಮರಿಯಾಗಿ ಬೆಳೆದು, ರೆಕ್ಕೆ ಬಂದ ಮೇಲೆ ಒಂದೆರಡು ದಿನವಷ್ಟೇ ಬದುಕುತ್ತದೆ. ಹೀಗಾಗಿ ಈ ಪ್ರವಾಸದ ತಯಾರಿ ಶುರುವಾಗುವುದು ಜೀವಶಾಸ್ತ್ರದ ಪಾಠದಿಂದ.

ಆಮೇಲೆ ಭೂಗೋಳ. ದಕ್ಷಿಣ ಗೋಳಾರ್ಧದಲ್ಲಿ ಋತುಗಳು ತಿರುವುಮುರುವು. ನ್ಯೂಜಿಲೆಂಡಿನ ಹೆಚ್ಚಿನ ಹೊಳೆಗಳಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಮೀನು ಹಿಡಿಯಬಹುದು. ಹೊರಗೆ ಹಿಮ ಸುರಿಯುವಾಗ ಅಮೆರಿಕದವನು ಅಲ್ಲಿನ ಬೇಸಿಗೆಯ ಕನಸು ಕಾಣುತ್ತ ನಕಾಶೆ ಹರಡಿಕೊಳ್ಳುತ್ತಾನೆ. ಟೌಪೊ ಸರೋವರಕ್ಕೆ ಹೋಗುವವನಿಗೆ ಲೈಸೆನ್ಸೇ ಬೇರೆ. ಈ ಸರೋವರ ಸೇರುವ ಟೊಂಗರೀರೊ ನದಿಗೆ ಅಲ್ಲಿನ ಚಳಿಗಾಲದಲ್ಲಿ, ಅಂದರೆ ಜೂನ್-ಜುಲೈ ಹೊತ್ತಿಗೆ, ಟ್ರೌಟ್‌ಗಳು ಮೊಟ್ಟೆಯಿಡಲು ಹತ್ತಿ ಬರುತ್ತವೆ. ಅಮೆರಿಕದ ಕಾದಂಬರಿಕಾರ ಜೇನ್ ಗ್ರೇ 1926ರಲ್ಲಿ ನ್ಯೂಜಿಲೆಂಡಿಗೆ ಬಂದು, ಈ ನೀರಿನ ಬಗ್ಗೆ ಪುಸ್ತಕವನ್ನೇ ಬರೆದ. ಊಟದ ಆಸೆಯಿಂದ ಹೋದೀರಿ ಮತ್ತೆ! ಅಲ್ಲಿ ಟ್ರೌಟ್ ಮಾರುವುದು ಕಾನೂನುಬಾಹಿರ. ಯಾವ ಹೋಟೆಲಿನ ಪಟ್ಟಿಯಲ್ಲೂ ಅದು ಸಿಗದು.

ಸ್ವಾರಸ್ಯವೆಂದರೆ ಟ್ರೌಟ್ ಕೂಡ ಅಲ್ಲಿಗೆ ಪರದೇಶಿಯೇ. ಇಂಗ್ಲೆಂಡಿನಿಂದ ಹಡಗಿನಲ್ಲಿ ಮೊಟ್ಟೆ ಸಾಗಿಸುವ ಮೊದಲ ಯತ್ನಗಳು ವಿಫಲವಾದವು. 1864ರಲ್ಲಿ 'ನಾರ್ಫೋಕ್' ಹಡಗಿನಲ್ಲಿ ಮೊಟ್ಟೆಗಳನ್ನು ಹಸಿ ಹಾವಸೆಯೊಡನೆ ಮರದ ಪೆಟ್ಟಿಗೆಗಳಲ್ಲಿಟ್ಟು, ಮಂಜುಗಡ್ಡೆ ಹೇರಿ, ಸುಮಾರು ಮೂರು ತಿಂಗಳು ಸಾಗಿಸಿದರು. ಅವುಗಳಲ್ಲಿ ಕೆಲವು ಟಾಸ್ಮೇನಿಯಾದಲ್ಲಿ ಮರಿಯಾದವು. ಅವುಗಳ ಸಂತತಿ 1867ರಲ್ಲಿ ನ್ಯೂಜಿಲೆಂಡ್ ತಲುಪಿತು. 1883ರಲ್ಲಿ ಕ್ಯಾಲಿಫೋರ್ನಿಯಾದಿಂದ ರೇನ್‌ಬೋ ಟ್ರೌಟ್ ಬಂತು. ಟೌಪೊದಲ್ಲಿ ಮಾವೋರಿ ಜನರ ಆಹಾರವಾಗಿದ್ದ ಕೊಆರೊ ಎಂಬ ಪುಟ್ಟ ಮೀನನ್ನು ಈ ಅತಿಥಿಗಳು ತಿಂದು ಕಡಿಮೆ ಮಾಡಿಬಿಟ್ಟವು. ಇಂದು ಪ್ರವಾಸಿಗರನ್ನು ಸೆಳೆಯುವ ಸೊಬಗಿನ ಹಿಂದೆ ಈ ನಷ್ಟವೂ ಇದೆ.

ಇನ್ನೊಂದು ಅತಿಥಿ ಕಣ್ಣಿಗೇ ಕಾಣದು. ಡಿಡಿಮೊ ಎಂಬ ಪಾಚಿ 2004ರಲ್ಲಿ ದಕ್ಷಿಣ ದ್ವೀಪದ ನದಿಯೊಂದರಲ್ಲಿ ಪತ್ತೆಯಾಯಿತು. ಹಬ್ಬಿದರೆ ಹೊಳೆಯ ಕಲ್ಲುಗಳ ಮೇಲೆಲ್ಲ ದಪ್ಪ ಕಂಬಳಿ ಹೊದಿಸಿದಂತಾಗುತ್ತದೆ. 'ಬಂಡೆಯ ಸಿಂಬಳ' ಎಂದು ಅದಕ್ಕೆ ಅಡ್ಡಹೆಸರು. ಒಂದು ಹನಿ ನೀರು, ಒದ್ದೆ ಬೂಟು ಸಾಕು, ಇನ್ನೊಂದು ನದಿಗೆ ದಾಟಲು. ಜಾರದಿರಲೆಂದು ಬೂಟಿಗೆ ಹಾಕುತ್ತಿದ್ದ ಫೆಲ್ಟ್ ಅಟ್ಟೆ ಒಮ್ಮೆ ನೆನೆದರೆ ಬೇಗ ಒಣಗದು. ಹಾಗಾಗಿ 2008ರಿಂದ ಅದಕ್ಕೆ ನಿಷೇಧ. ವಿಮಾನ ನಿಲ್ದಾಣದಲ್ಲಿ ಬಳಸಿದ ಕೋಲು, ಬೂಟುಗಳನ್ನು ತೋರಿಸಲೇಬೇಕು. ಮುಚ್ಚಿಟ್ಟರೆ ನಿಂತಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ.

ನದಿಯಿಂದ ನದಿಗೆ ಹೋಗುವಾಗಲೂ ಬಿಡುವಂತಿಲ್ಲ. ಅಂಟಿದ ಕಸ ತೆಗೆದು, ಚೆನ್ನಾಗಿ ತೊಳೆಯಬೇಕು. ಪೂರ್ತಿ ಒಣಗಿದ ಮೇಲೂ 48 ಗಂಟೆ ಹಾಗೇ ಇಡಬೇಕು. ಅನುಭವಸ್ಥರ ಪ್ರವಾಸದ ಪಟ್ಟಿಯಲ್ಲಿ ಎರಡು ಹೊಳೆಗಳ ನಡುವೆ ಹೀಗೆ ಎರಡು ದಿನ ಖಾಲಿ ಇರುತ್ತವೆ, ಬೂಟು ಒಣಗಲಿಕ್ಕೆ.